ಕ್ಯಾಲಿಪರ್ ಬೋಲ್ಟ್ ತಲೆ ರೌಂಡ್ ಆಗಿ ಕೂತಿದೆ, ಹೆಂಗೆ ಬಿಚ್ಚೋದು ಮಾರಾಯ್ರೆ?

ತೋಟದ_ಮನೆ, ತೀರ್ಥಹಳ್ಳಿ:
ಎಲ್ರಿಗೂ ನಮಸ್ಕಾರ. 2011ರ ಸಣ್ಣ ಕಾರು. ಮುಂದಿನ ಎಡಗಡೆ ಬ್ರೇಕು ಒಂದು ತಿಂಗಳಿಂದ ಕಿರ್ ಅಂತಿತ್ತು, ಮುಂದಿನ ವಾರ ಅಮ್ಮನ್ನ ಕರ್ಕೊಂಡು ಆಗುಂಬೆ ಘಾಟಿ ಇಳಿಬೇಕು, ಪ್ಯಾಡ್ ತಾನೇ ಅದೆಂತ ಮಹಾ ಕೆಲಸ ಅಂತ ಅಂಗಳದಲ್ಲೇ ಜ್ಯಾಕ್ ಕೊಟ್ಟು ಶುರು ಮಾಡಿದೆ. ಪ್ಯಾಡನ್ನ ಡಿಸ್ಕಿಗೆ ಒತ್ತಿ ಹಿಡಿಯೋ ಕ್ಯಾಲಿಪರ್‌ದು ಕೆಳಗಿನ ಬೋಲ್ಟು, 12 ನಂಬರ್, ರಿಂಗ್ ಸ್ಪ್ಯಾನರ್ ಹಾಕಿ ಕಾಲಲ್ಲಿ ಒತ್ತಿದೆ, ಟಕ್ ಅಂತು, ಬಿಡ್ತು ಅಂದ್ಕೊಂಡೆ, ನೋಡಿದ್ರೆ ಸ್ಪ್ಯಾನರ್ ತಿರುಗಿದ್ದು, ಬೋಲ್ಟ್ ಅಲ್ಲ. ಈಗ ಆರು ಮೂಲೆನೂ ಸವೆದು ಗೋಲಿ ಥರ ಆಗಿದೆ. ತುಕ್ಕು ಸಡಿಲಿಸೋ ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ, ಎಂತ ಉಪಯೋಗ ಇಲ್ಲ. ಗ್ಯಾಸಲ್ಲಿ ಕಾಯ್ಸೋದಾ? ವೆಲ್ಡಿಂಗಿನವನನ್ನ ಕರಿಲಾ? ಗಾಡಿ ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಂತಿದೆ.

ಘಟ್ಟದ_ಡ್ರೈವರ್, ಹೊಸನಗರ:
ಬೋಲ್ಟ್ ಕತೆ ಆಮೇಲೆ. ಮೊದ್ಲು ಆ ಜಂಬಿಟ್ಟಿಗೆ ಕಲ್ಲಿಂದ ಗಾಡಿ ಇಳ್ಸಿ. ಮನೆ ಗೋಡೆಗೆ ಚೆನ್ನಾಗಿರುತ್ತೆ, ಆದ್ರೆ ಒಂದೇ ಮೂಲೆ ಮೇಲೆ ಭಾರ ಬಿದ್ರೆ ಬಿಸ್ಕತ್ ಥರ ಒಡಿಯುತ್ತೆ, ಅದೂ ಮಳೆಲಿ ನೆಂದಿದ್ರೆ ಕೇಳೋದೇ ಬೇಡ. ಸ್ಟ್ಯಾಂಡ್ ಇಲ್ಲ ಅಂದ್ರೆ ಅಗಲ ಇರೋ ಮರದ ದಿಮ್ಮಿ ಅಡ್ಡ ಇಡಿ, ಬಿಚ್ಚಿದ ಚಕ್ರನ ಬಾಗಿಲ ಕೆಳಗೆ ತಳ್ಳಿ.

ಲೇತ್_ಕೆಲಸ, ಶಿವಮೊಗ್ಗ:
ಮೂರು ಪ್ರಶ್ನೆ. ಸ್ಪ್ಯಾನರ್ ಯಾವ ಕಡೆ ತಿರುಗಿಸಿದ್ರಿ? ಮೇಲಿನ ಬೋಲ್ಟ್ ಮುಟ್ಟಿದ್ದೀರಾ? ಹಳೇ ಪ್ಯಾಡಲ್ಲಿ ಒಳಗಿಂದು ಜಾಸ್ತಿ ಸವೆದಿದೆಯಾ ಹೊರಗಿಂದಾ?

ತೋಟದ_ಮನೆ:
ಮೇಲಿಂದು ಮುಟ್ಟಿಲ್ಲ. ಇಣುಕಿ ನೋಡಿದ್ರೆ ಒಳಗಿನ ಪ್ಯಾಡ್ ತಗಡೇ ಕಾಣ್ತಿದೆ, ಹೊರಗಿಂದು ಅರ್ಧ ಇದೆ. ತಿರುಗಿಸಿದ್ದು ಎಡಕ್ಕೇ, ನಾನು ಚಕ್ರದ ಕಡೆ ಕೂತು ನೋಡಿದಾಗ.

ಲೇತ್_ಕೆಲಸ:
ಅಲ್ಲೇ ಆಗಿದ್ದು. ಬೋಲ್ಟಿನ ತಲೆ ಇರೋದು ಒಳಗಡೆ, ಇಂಜಿನ್ ಕಡೆ ಮುಖ ಮಾಡಿ. ನೀವು ಚಕ್ರದ ಕಡೆಯಿಂದ, ಅಂದ್ರೆ ಬೋಲ್ಟಿನ ಬೆನ್ನಿಂದ ನೋಡಿ ಎಡಕ್ಕೆ ತಿರುಗಿಸಿದ್ರೆ ಅದು ಟೈಟ್ ಆಗುತ್ತೆ. ಕಾಲು ಕೊಟ್ಟು ಟೈಟ್ ಮಾಡಿದ್ದೀರಿ 😄 ಬೇಜಾರ್ ಮಾಡ್ಕೋಬೇಡಿ, ನಮ್ಮಲ್ಲಿಗೆ ಬರೋ ಕೇಸಲ್ಲಿ ಇದು ಮಾಮೂಲು. ಇನ್ನೊಂದು, ಆ ರಿಂಗ್ ಸ್ಪ್ಯಾನರಿಗೆ 12 ಮೂಲೆ ಇರುತ್ತೆ, ತುಕ್ಕು ಹಿಡಿದ ಬೋಲ್ಟಿಗೆ ಅದು ಬೇಡ್ವೇ ಬೇಡ, 6 ಮೂಲೆ ಸಾಕೆಟ್ಟೇ ಆಗ್ಬೇಕು.

ಈಗ ಕೇಳಿ, ಆ ಬೋಲ್ಟನ್ನ ಗಾಡಿ ಮೇಲೆ ಬಿಚ್ಚೋದೇ ಬೇಡ. ಮೇಲಿನ ಬೋಲ್ಟ್ ಸರಿ ದಿಕ್ಕಲ್ಲಿ ಬಿಚ್ಚಿ, ಬೋಲ್ಟ್ ಕೂರೋ ಪಿನ್ನೂ (ಕ್ಯಾಲಿಪರ್ ಜಾರೋಕೆ ಇರೋ ಕಡ್ಡಿ) ಜೊತೆಗೆ ತಿರುಗಿದ್ರೆ ಪಿನ್ನಿನ ಮೇಲಿರೋ ಚಪ್ಪಟೆ ಜಾಗಕ್ಕೆ ತೆಳು ಓಪನ್ ಸ್ಪ್ಯಾನರ್ ಕೊಟ್ಟು ಹಿಡ್ಕೊಳ್ಳಿ. ಆಮೇಲೆ ಕ್ಯಾಲಿಪರನ್ನ ಕೆಳಗಿನ ಪಿನ್ನಿನ ಮೇಲೇ ತಿರುಗಿಸಿ ಪ್ಯಾಡಿಂದ ಆಚೆ ತನ್ನಿ, ಇಡೀ ಕ್ಯಾಲಿಪರನ್ನ ಇಂಜಿನ್ ಕಡೆಗೆ ಎಳೀರಿ. ಕೆಳಗಿನ ಪಿನ್ ಬ್ರಾಕೆಟ್ (ಕ್ಯಾಲಿಪರನ್ನ ಹೊರೋ ಚೌಕಟ್ಟು) ಒಳಗೆ ಜಾರೋ ವಸ್ತು ಅಲ್ವಾ, ಕ್ಯಾಲಿಪರ್ ಜೊತೆಗೇ ಹೊರಗೆ ಬರುತ್ತೆ. ಹೋಸ್ ಮೇಲೆ ಜೋತಾಡಿಸ್ಬೇಡಿ, ಸ್ಪ್ರಿಂಗಿಗೆ ತಂತಿ ಹಾಕಿ ಕಟ್ಟಿ.

ಬರದೇ ಒದ್ದಾಡಿದ್ರೆ ಪಿನ್ ಬ್ರಾಕೆಟ್ಟಲ್ಲಿ ತುಕ್ಕು ಹಿಡಿದು ಕೂತಿದೆ ಅಂತ. ನಿಮ್ಮ ಒಳಗಿನ ಪ್ಯಾಡ್ ಸವೆದಿರೋದು ನೋಡಿದ್ರೆ ನಂಗೆ ಅದೇ ಡೌಟು. ಪ್ಯಾಡ್ ಒತ್ತೋ ಪಿಸ್ಟನ್ ಇರೋದು ಒಳಗಡೆ ಮಾತ್ರ, ಕ್ಯಾಲಿಪರ್ ಜಾರದೇ ಇದ್ರೆ ಒತ್ತಡ ಎಲ್ಲ ಒಳಗಿನ ಪ್ಯಾಡೇ ತಿನ್ನುತ್ತೆ. ಆವಾಗ ಬ್ರಾಕೆಟ್ಟಿನ ಎರಡು ದಪ್ಪ ಬೋಲ್ಟ್ ಬಿಚ್ಚಿ ಎಲ್ಲಾ ಒಟ್ಟಿಗೇ ಇಳ್ಸಿ.

ಗ್ಯಾಸ್ ಬೇಡ. ಪಕ್ಕದಲ್ಲೇ ರಬ್ಬರ್ ಬೂಟು, ಹೋಸು, ಬ್ರೇಕ್ ಆಯಿಲ್. ಬ್ರೇಕ್ ಕ್ಲೀನರ್ ಹೊಡೆದ ಜಾಗದಲ್ಲಂತೂ ವೆಲ್ಡಿಂಗ್ ಮಾಡ್ಲೇಬೇಡಿ, ಕೆಲವು ಡಬ್ಬಿಲಿ ಕ್ಲೋರಿನ್ ಇರೋ ಕೆಮಿಕಲ್ ಇರುತ್ತೆ, ಕಾದ್ರೆ ವಿಷದ ಹೊಗೆ.

ಘಟ್ಟದ_ಡ್ರೈವರ್:
ಆಚೆ ಬಂದ್ಮೇಲೆ 11 ನಂಬರ್ 6 ಮೂಲೆ ಸಾಕೆಟ್ ಸುತ್ತಿಗೆಲಿ ಬಡಿದು ಕೂರ್ಸಿ. ಹಿಡಿಲಿಲ್ಲ ಅಂದ್ರೆ ತಲೆಯ ಎರಡು ಕಡೆ ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗೋ ಇಕ್ಕಳ) ಹಾಕಿ. ಒಳ್ಳೇ ಸಾಕೆಟ್ ಹಾಳಾಗುತ್ತೆ, ಹಳೇದು ತಗೊಳ್ಳಿ.

ತೋಟದ_ಮನೆ:
ಆಯ್ತು ಮಾರಾಯ್ರೆ!! ಮೇಲಿನ ಬೋಲ್ಟ್ ಎರಡೇ ನಿಮಿಷ, ಅಷ್ಟಕ್ಕೆ ನಿನ್ನೆ ಇಡೀ ದಿನ ಒದ್ದಾಡಿದ್ನಲ್ಲ ಅಂತ ನಾಚಿಕೆ ಆಯ್ತು. ಪಿನ್ ಮಾತ್ರ ನೀವು ಹೇಳಿದ ಹಂಗೇ ಕಚ್ಕೊಂಡಿತ್ತು, ಆ ಕಡೆ ಈ ಕಡೆ ತಿರುಗಿಸ್ತಾ ತಿರುಗಿಸ್ತಾ ಅರ್ಧ ಗಂಟೆ ಎಳೆದೆ, ಬಂತು, ಒಳಗೆ ಗ್ರೀಸ್ ಅನ್ನೋದೇ ಇಲ್ಲ, ಬರೀ ಕೆಂಪು ಪುಡಿ. ಪಿನ್ನಿಗೆ ಸ್ಪ್ಯಾನರ್ ಕೊಟ್ಟು ತಮ್ಮ ಹಿಡ್ಕೊಂಡ, 11 ಸಾಕೆಟ್ ಬಡಿದೆ, ಮೂರನೇ ಸಲ ಕಿಟ್ ಅಂತ ಬಿಡ್ತು. ಈಗ ಬೋಲ್ಟ್ ಹಾರ್ಡ್‌ವೇರ್ ಅಂಗಡಿದು ಹಾಕ್ಲಾ? ಗ್ರೀಸು ಪಂಪ್‌ಸೆಟ್ಟಿಗೆ ತಂದಿದ್ದು ಇದೆ.

ಲೇತ್_ಕೆಲಸ:
ಎರಡೂ ಬೇಡ. ಬೋಲ್ಟ್, ಪಿನ್, ರಬ್ಬರ್ ಬೂಟು ನಿಮ್ಮ ಗಾಡಿದೇ ಸ್ಪೇರ್ ತಗೊಳ್ಳಿ, ತೀರ್ಥಹಳ್ಳಿಲಿ ಇಲ್ಲ ಅಂದ್ರೆ ಇಲ್ಲಿ ಆಟೋ ಕಾಂಪ್ಲೆಕ್ಸ್ ಕಡೆ ಬನ್ನಿ. ಪಂಪ್‌ಸೆಟ್ ಗ್ರೀಸಿಗೆ ರಬ್ಬರ್ ಊದ್ಕೊಳ್ಳುತ್ತೆ, ಆರು ತಿಂಗಳಿಗೆ ಮತ್ತೆ ಇದೇ ಕತೆ. ಪಿನ್ನಿಗೆ ಅಂತಲೇ ಸಿಲಿಕೋನ್ ಗ್ರೀಸ್ ಸಿಗುತ್ತೆ. ಬ್ರಾಕೆಟ್ ತೂತನ್ನ ಬಟ್ಟೆ ಹಾಕಿ ಚೆನ್ನಾಗಿ ಒರೆಸಿ, ಪಿನ್ ಬೆರಳಲ್ಲಿ ತಳ್ಳಿದ್ರೆ ಹೋಗಿ ಬರ್ಬೇಕು. ಆ ಬೋಲ್ಟಿಗೆ ಕಾಲು ಬೇಡ, ಸಾಮಾನ್ಯವಾಗಿ 25-30 ನ್ಯೂಟನ್ ಮೀಟರ್ ಆಸುಪಾಸು, ಮ್ಯಾನುಯಲಲ್ಲಿ ನೋಡ್ಕೊಳ್ಳಿ. ಬಲಗಡೆದೂ ಬಿಚ್ಚಿ, ಪ್ಯಾಡ್ ಜೋಡಿಲೇ ಹಾಕೋದು. ಪಿಸ್ಟನ್ ಒಳಗೆ ತಳ್ಳುವಾಗ ಮೇಲೆ ಬಾನೆಟ್ ಒಳಗಿನ ಡಬ್ಬಿಲಿ ಬ್ರೇಕ್ ಆಯಿಲ್ ಉಕ್ಕುತ್ತೆ, ಪೇಂಟ್ ಮೇಲೆ ಬಿದ್ರೆ ಪೇಂಟ್ ಹೋಯ್ತು.

ಘಟ್ಟದ_ಡ್ರೈವರ್:
ಎಲ್ಲಾ ಹಾಕಿದ್ಮೇಲೆ ಗಾಡಿ ಅಲ್ಲಾಡಿಸೋ ಮೊದ್ಲು ಪೆಡಲ್ ಗಟ್ಟಿ ಆಗೋವರೆಗೂ ತುಳೀರಿ, ಮೊದಲ ಸಲ ನೆಲಕ್ಕೇ ಹೋಗುತ್ತೆ. ತಕ್ಷಣ ಘಾಟಿ ಇಳಿಬೇಡಿ, ಊರ ರೋಡಲ್ಲಿ ಎರಡು ದಿನ ಮೆಲ್ಲಗೆ ಓಡ್ಸಿ ಪ್ಯಾಡ್ ಕೂತ್ಕೊಳ್ಲಿ. ಆಗುಂಬೇಲಿ 14 ತಿರುವು, ಎರಡನೇ ಗೇರಲ್ಲಿ ಬಿಡಿ, ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿಬೇಡಿ.

ತೋಟದ_ಮನೆ:
ಬಲಗಡೆ ಈಗಷ್ಟೇ ಬಿಚ್ಚಿದೆ, ಈ ಸಲ ಒಳಗಡೆ ತಲೆ ಹಾಕಿ ಬೋಲ್ಟಿನ ಮುಖ ನೋಡ್ಕೊಂಡು ತಿರುಗಿಸಿದೆ. ಅದರ ಪಿನ್ನೂ ಒಣಗಿತ್ತು. ನಾಳೆ ಬಸ್ಸಿಗೆ ಶಿವಮೊಗ್ಗ ಬರ್ತೀನಿ, ಎರಡೂ ಕಡೆಗೆ ಆಗೋಷ್ಟು ಸಾಮಾನು ತಗೋತೀನಿ.