ಎಟಿವಿಗೆ ಯಾವ ಬ್ಯಾಟರಿ ಹಾಕಿಸ್ಬೇಕ್ರಿ?

ಎರಿಹೊಲ_ಬ್ಯಾಡಗಿ: ನಮಸ್ಕಾರ್ರಿ. ಹೊಲಕ್ಕ ಓಡಾಡಾಕ ಒಂದು ಎಟಿವಿ (ತೆಗ್ಗು ದಿನ್ನ್ಯಾಗ ಓಡೋ ನಾಕು ಗಾಲಿ ಗಾಡಿ) ಐತಿ, ಮಳಿಗಾಲ ಪೂರಾ ಶೆಡ್‌ನಾಗ ನಿಂತಿತ್ತು, ಈಗ ಸ್ವಿಚ್ ಒತ್ತಿದ್ರ ಬರೀ ಟಕ್ ಟಕ್ ಅಂತೈತಿ. ಹಳೇ ಬ್ಯಾಟರಿ 12 ವೋಲ್ಟ್ 12 ಎಎಚ್ (ಆಂಪಿಯರ್-ಅವರ್, ಎಷ್ಟು ಕರೆಂಟ್ ಹಿಡಿತೈತಿ ಅನ್ನೋ ಲೆಕ್ಕ). ಅಂಗಡ್ಯಾಗ 9 ಎಎಚ್ ಬೈಕ್ ಬ್ಯಾಟರಿ ನಡೀತೈತಿ ಅಂದ್ರು, ಹಾಕಿಸ್ಲೇನ್ರಿ?

ಗದಗ_ಗ್ಯಾರೇಜ್: ಬ್ಯಾಡ್ರಿ ಅಣ್ಣಾರ. ಎಎಚ್ ಅಷ್ಟ ಅಲ್ಲ, ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ನೋಡ್ರಿ, ಥಂಡ್ಯಾಗೂ ಸ್ಟಾರ್ಟರ್ ತಿರುಗಿಸೋ ತಾಕತ್ತು ಅದ, ಹಳೇದಕ್ಕಿಂತ ಕಮ್ಮಿ ಇರಬಾರ್ದು. ಉದ್ದ ಅಗಲ ಎತ್ತರ ಟೇಪ್ ಹಿಡದು ಅಳೀರಿ, ಪ್ಲಸ್ ಯಾವ ಕಡೆ ಐತಿ ಅಂತ ಫೋಟೋ ಹೊಡ್ಕೊಂಡು ಹೋಗ್ರಿ, ಅದು ಉಲ್ಟಾ ಬಂದ್ರ ವೈರ್ ಅಲ್ಲೀತನ ಎಟಕಂಗಿಲ್ಲ. ತೆಗ್ಗು ದಿನ್ನಿ ಜಿಗಿಯೋ ಗಾಡಿಗೆ ಎಜಿಎಂ (ಆಸಿಡ್ ಗಾಜಿನ ನಾರಿನ ಹಾಳಿಯೊಳಗ ಹೀರಿಕೊಂಡಿರೋ ಸೀಲ್ ಬ್ಯಾಟರಿ) ಚಲೋ, ಆಸಿಡ್ ಚೆಲ್ಲಂಗಿಲ್ಲ.

ಧಾರವಾಡ_ರೈಡರ್: ಮೊದ್ಲ ಮೀಟರ್ ಹಚ್ರಿ. ಫುಲ್ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ನೋಡಿದ್ರ 12.6 ವೋಲ್ಟ್ ಮ್ಯಾಲೆ ಇರಬೇಕು. ಗಾಡಿ ಚಾಲೂ ಇದ್ದಾಗ 14ರ ಆಸುಪಾಸು ಬರದಿದ್ರ ಚಾರ್ಜಿಂಗ್ ಲೈನ್ ನೋಡಿಸ್ರಿ, ನಂದು ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟ್ ಹಿಡಿತದಾಗ ಇಡೋ ಭಾಗ) ಹೋಗಿ ಹೊಸ ಬ್ಯಾಟರಿ ಎರಡ ತಿಂಗಳಾಗ ಕುಂತ್ಬಿಡ್ತು, ಭಾಳ ಸಂಕಟ ಆತು.

ಎರಿಹೊಲ_ಬ್ಯಾಡಗಿ: ರಾತ್ರಿ ಚಾರ್ಜಿಗೆ ಹಾಕಿದ್ದೆ, ಮುಂಜಾನೆ 10.4 ತೋರಿಸ್ತು, ಟರ್ಮಿನಲ್ ಮ್ಯಾಲೆ ಹಸಿರು ಪುಡಿ ಬ್ಯಾರೆ. ಅದ ಅಳತಿದು 12 ಎಎಚ್ ಎಜಿಎಂ ತರಾಕ ನಾಳೆ ಹುಬ್ಬಳ್ಳಿಗೆ ಹೊಂಟೇನ್ರಿ.