ಮುರಕಲ್ಲಿನ ದಾರಿಗಳಲ್ಲಿ ಓಡಿಸಲು ಯಾವ ಡರ್ಟ್ ಬೈಕ್ ಸೂಕ್ತ?

ಪೆರ್ಲದ ಕೃಷಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ಅಡಿಕೆ ಕೃಷಿ ಮಾಡಿಕೊಂಡಿದ್ದೇನೆ. ವಯಸ್ಸು 34, ಎತ್ತರ 5 ಅಡಿ 5 ಅಂಗುಲ, ತೂಕ 62 ಕೆ.ಜಿ. ಹನ್ನೆರಡು ವರ್ಷಗಳಿಂದ 125 ಸಿ.ಸಿ.ಯ ಸಾಮಾನ್ಯ ಬೈಕನ್ನೇ ಓಡಿಸುತ್ತಿದ್ದು, ತೋಟಕ್ಕೆ ಇಳಿಯುವ ಮಣ್ಣಿನ ದಾರಿಯೊಂದನ್ನು ಬಿಟ್ಟರೆ ಡಾಮರಿಲ್ಲದ ಕಡೆ ಓಡಿಸಿದ ಅಭ್ಯಾಸವಿಲ್ಲ. ಕಳೆದ ಬೇಸಗೆಯಲ್ಲಿ ಗೆಳೆಯರೊಬ್ಬರ ಬೈಕಿನ ಹಿಂದೆ ಕುಳಿತು ಧರ್ಮತ್ತಡ್ಕದ ಕಡೆಯಿಂದ ಪೊಸಡಿಗುಂಪೆಯ ಬುಡದವರೆಗೆ ಮಣ್ಣಿನ ದಾರಿಗಳಲ್ಲಿ ಹೋಗಿಬಂದೆ. ಅಂದಿನಿಂದ ಈ ಸವಾರಿಯನ್ನು ಸರಿಯಾಗಿ ಕಲಿಯಬೇಕೆಂಬ ಆಸೆ ಮನಸ್ಸಿನಿಂದ ಹೋಗಿಲ್ಲ.

ನನ್ನ ಬಳಿ ಸುಮಾರು ಎರಡೂವರೆ ಲಕ್ಷ ರೂಪಾಯಿ ಇದೆ. ತಿಂಗಳಿಗೆ ಮೂರು ನಾಲ್ಕು ದಿನ ಗುಡ್ಡೆ, ಪದವು (ಗುಡ್ಡದ ಮೇಲಿನ ಕಲ್ಲಿನ ಬಯಲು), ರಬ್ಬರ್ ತೋಟಗಳ ನಡುವಿನ ದಾರಿಗಳಲ್ಲಿ ಓಡಿಸುವ ಉದ್ದೇಶವಿದ್ದು, ಉಳಿದ ದಿನಗಳಲ್ಲಿ ಅದೇ ಬೈಕಿನಲ್ಲಿ ಅಡ್ಯನಡ್ಕ, ವಿಟ್ಲದ ದಾರಿಯಾಗಿ ಪುತ್ತೂರಿಗೂ ಹೋಗಿ ಬರಬೇಕಾಗುತ್ತದೆ. ಹೀರೋ ಎಕ್ಸ್‌ಪಲ್ಸ್ 200 4ವಿ, ಕವಾಸಾಕಿ ಕೆಎಲ್‌ಎಕ್ಸ್ 230, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಈ ಮೂರನ್ನು ನೋಡಿಟ್ಟಿದ್ದೇನೆ. ಮೂರನೆಯದಕ್ಕೆ ನನ್ನ ಹಣ ಸಾಲದು, ಆದರೆ ಸಾಲ ಮಾಡಿಯಾದರೂ ಹೆಚ್ಚು ಶಕ್ತಿಯ ಬೈಕನ್ನೇ ಕೊಳ್ಳಬೇಕೆಂದು ಕೆಲವರು ಒತ್ತಾಯಿಸುತ್ತಿದ್ದಾರೆ. ಇವಲ್ಲದೆ ಪರಿಚಿತರೊಬ್ಬರು ಹೊರದೇಶದಿಂದ ಬಂದ, ಹೆಡ್‌ಲೈಟೂ ನಂಬರ್ ಪ್ಲೇಟೂ ಇಲ್ಲದ 250 ಸಿ.ಸಿ.ಯ ರೇಸ್ ಬೈಕೊಂದನ್ನು ಕಡಿಮೆ ಬೆಲೆಗೆ ಕೊಡುವುದಾಗಿ ಹೇಳಿದ್ದಾರೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ಓಡಿಸಿ ಅನುಭವವಿರುವವರು ದಯವಿಟ್ಟು ಸಲಹೆ ನೀಡಬೇಕು.

ಮುಳ್ಳೇರಿಯದ ಸವಾರ

ನಮಸ್ಕಾರ. ನೀವು ನಿಮ್ಮ ಎತ್ತರ ಮತ್ತು ತೂಕವನ್ನು ಮೊದಲೇ ತಿಳಿಸಿದ್ದರಿಂದ ಉತ್ತರ ಕೊಡುವುದು ಸುಲಭವಾಯಿತು, ಏಕೆಂದರೆ ಇಂಜಿನಿನ ಶಕ್ತಿಗಿಂತ ಮೊದಲು ನೋಡಬೇಕಾದದ್ದು ಅವೆರಡನ್ನೇ. ಡಾಮರು ರಸ್ತೆಗೆ ಬೈಕ್ ಕೊಳ್ಳುವಾಗ ಅದು ಹೇಗೆ ಓಡುತ್ತದೆ ಎಂದು ವಿಚಾರಿಸುತ್ತೇವೆ. ಗುಡ್ಡೆಯ ದಾರಿಗೆ ಕೊಳ್ಳುವಾಗ ಅದು ಬಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಹುದೇ, ಏರಿನ ಮಧ್ಯೆ ಇಂಜಿನ್ ನಿಂತುಹೋದರೆ ಕಾಲು ನೆಲಕ್ಕೆ ತಾಗುತ್ತದೆಯೇ ಎಂದು ವಿಚಾರಿಸಬೇಕು. ಕಲಿಯುವವನು ಬೀಳುತ್ತಾನೆ. ಒಂದು ಬೆಳಗ್ಗಿನ ಸವಾರಿಯಲ್ಲಿ ಐದಾರು ಬಾರಿ ಬೈಕ್ ಮಲಗಿಸಿದರೂ ಅದು ಸಹಜವೇ.

ಹಿಮಾಲಯನ್ 450ರ ತೂಕ 196 ಕೆ.ಜಿ., ಎಕ್ಸ್‌ಪಲ್ಸ್ 200 4ವಿಯದ್ದು ಸುಮಾರು 159 ಕೆ.ಜಿ., ಕೆಎಲ್‌ಎಕ್ಸ್ 230ರದ್ದು 139 ಕೆ.ಜಿ. ಕಾಗದದ ಮೇಲೆ ಈ ವ್ಯತ್ಯಾಸ ದೊಡ್ಡದೆಂದು ಅನಿಸದಿದ್ದರೂ, ಮೂರನೆಯ ಬಾರಿ ಬಿದ್ದ ಬೈಕನ್ನು ಇಳಿಜಾರಿನ ಕೆಳಗಿನ ಬದಿಯಿಂದ ಎತ್ತಬೇಕಾಗಿ ಬಂದಾಗ ಅದರ ಅರ್ಥ ತಿಳಿಯುತ್ತದೆ. ನಾನು ನಾಲ್ಕು ವರ್ಷಗಳ ಹಿಂದೆ 200 ಕೆ.ಜಿ. ಸಮೀಪದ ಬೈಕೊಂದನ್ನು ತೆಗೆದುಕೊಂಡು ಒಬ್ಬನೇ ತೋಡೊಂದನ್ನು (ಸಣ್ಣ ಹಳ್ಳ) ದಾಟಲು ಹೋಗಿ, ಪಾಚಿಗಟ್ಟಿದ ಪಾರೆಗಲ್ಲಿನ ಮೇಲೆ ಜಾರಿ, ಬೈಕಿನ ಅಡಿಯಲ್ಲಿ ಎಡಗಾಲು ಸಿಕ್ಕಿಕೊಂಡು ಅರ್ಧ ಗಂಟೆ ಹಾಗೆಯೇ ಬಿದ್ದಿದ್ದೆ. ರಬ್ಬರ್ ಹಾಲು ತೆಗೆಯಲು ಬಂದ ಇಬ್ಬರು ನನ್ನ ಕೂಗು ಕೇಳಿ ಬಂದು ಎತ್ತಿದರು. ಕಾಲಿಗೆ ಗಟ್ಟಿಯಾದ ಬೂಟು ಇಲ್ಲದಿರುತ್ತಿದ್ದರೆ ಮೂಳೆ ಉಳಿಯುತ್ತಿರಲಿಲ್ಲ. ಆ ಬೈಕಿನಲ್ಲಿ ಯಾವ ದೋಷವೂ ಇರಲಿಲ್ಲ. ದೂರದ ಪ್ರಯಾಣಕ್ಕೆಂದು ಮಾಡಿದ ಬೈಕನ್ನು ಕಿರುದಾರಿಗೆ ಇಳಿಸಿದ್ದು ನನ್ನ ತಪ್ಪು.

ಆದ್ದರಿಂದ ಸಾಲ ಮಾಡಿ 450 ಕೊಳ್ಳಬೇಡಿ. ಅದರ 40 ಪಿ.ಎಸ್. (ಅಶ್ವಶಕ್ತಿ) ಶಕ್ತಿ ಹೆದ್ದಾರಿಯಲ್ಲಿ, ಘಟ್ಟದ ರಸ್ತೆಯಲ್ಲಿ ನಿಜಕ್ಕೂ ಸುಖ ಕೊಡುತ್ತದೆ, ಆದರೆ ಅಡಿಕೆ ತೋಟದ ಬದಿಯ ಎರಡು ಅಡಿ ಅಗಲದ ದಾರಿಯಲ್ಲಿ ನೀವು ಒಂದನೇ, ಎರಡನೇ ಗೇರಿನಿಂದ ಮೇಲೆ ಹೋಗುವುದೇ ಅಪರೂಪ. ಅಲ್ಲಿ ಬೇಕಾಗುವುದು ಕ್ಲಚ್ಚನ್ನು ಅರ್ಧ ಹಿಡಿದು ನಡಿಗೆಯ ವೇಗದಲ್ಲಿ ಸಾಗುವಾಗಲೂ ನಿಂತುಹೋಗದ ಇಂಜಿನ್. ಎಕ್ಸ್‌ಪಲ್ಸ್ ಮತ್ತು ಕೆಎಲ್‌ಎಕ್ಸ್ ಎರಡರಲ್ಲೂ ಇರುವ 18, 19 ಪಿ.ಎಸ್. ಕಲಿಯುವವನಿಗೆ ಬೇಕಾದಷ್ಟಾಯಿತು. ತೆರಿಗೆಯೂ ಈಗ ಸಣ್ಣ ಇಂಜಿನಿನ ಪರವಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದ್ದು, ಅದಕ್ಕಿಂತ ದೊಡ್ಡವುಗಳಿಗೆ ಶೇಕಡಾ 40 ಆಗಿದೆ.

ಉಳಿದ ಎರಡರಲ್ಲಿ ನನ್ನ ಒಲವು ಎಕ್ಸ್‌ಪಲ್ಸಿನ ಸಾಮಾನ್ಯ ಮಾದರಿಯ ಕಡೆಗಿದೆ. ಅದರ ಸೀಟಿನ ಎತ್ತರ 825 ಮಿ.ಮೀ., ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಬೈಕಿನ ತಳಕ್ಕೂ ನಡುವಿನ ಅಂತರ) 220 ಮಿ.ಮೀ., ಮುಂದೆ 21 ಅಂಗುಲದ ಹಾಗೂ ಹಿಂದೆ 18 ಅಂಗುಲದ ಸ್ಪೋಕ್ ಚಕ್ರಗಳು. ಪ್ರೊ ಎಂಬ ಮಾದರಿಯಲ್ಲಿ ಸಸ್ಪೆನ್ಷನ್ ಇನ್ನೂ ಉತ್ತಮವಾಗಿದ್ದರೂ ಸೀಟು 891 ಮಿ.ಮೀ.ಗೆ ಏರುತ್ತದೆ. ನಿಮ್ಮ ಎತ್ತರದವರು ಅದರಲ್ಲಿ ಕುಳಿತರೆ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತದೆ. ಕೆಎಲ್‌ಎಕ್ಸ್‌ನ ಸೀಟು ಕೂಡ 880 ಮಿ.ಮೀ.

ಕುಂಬಳೆಯ ಮೆಕ್ಯಾನಿಕ್

ಮುಳ್ಳೇರಿಯದವರು ತೂಕದ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅದೇ ಕಾರಣಕ್ಕೆ ಅವರ ಆಯ್ಕೆಯನ್ನು ಒಪ್ಪುವುದಿಲ್ಲ. ತೂಕವೇ ಮುಖ್ಯವೆಂದಾದರೆ 20 ಕೆ.ಜಿ. ಹಗುರವಾದ ಕೆಎಲ್‌ಎಕ್ಸ್ ಅನ್ನು ಬಿಡುವುದೇಕೆ? ಸೀಟಿನ ಎತ್ತರದ ಸಂಖ್ಯೆಯನ್ನು ಮಾತ್ರ ನೋಡಿ ಹೆದರುವುದು ಸರಿಯಲ್ಲ, ಏಕೆಂದರೆ ಸವಾರ ಕುಳಿತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ತಗ್ಗಬೇಕು, ಮತ್ತು ಚಲನೆ ಹೆಚ್ಚಿರುವ ಬೈಕು ಹೆಚ್ಚು ತಗ್ಗುತ್ತದೆ. ಸೀಟು ಕಿರಿದಾಗಿದ್ದರೆ ಕಾಲುಗಳು ನೇರವಾಗಿ ಕೆಳಗಿಳಿಯುವುದರಿಂದ ಅಲ್ಲಿಯೂ ಒಂದಿಷ್ಟು ಲಾಭವಿದೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಕೆಎಲ್‌ಎಕ್ಸ್‌ನ ಟ್ಯಾಂಕಿನಲ್ಲಿ ಹಿಡಿಯುವುದು 7.6 ಲೀಟರ್, ಎಕ್ಸ್‌ಪಲ್ಸ್‌ನಲ್ಲಿ 13 ಲೀಟರ್. ಪುತ್ತೂರಿಗೆ ಹೋಗಿ ಬರುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಯಾವುದನ್ನೇ ಕೊಂಡರೂ ನಮ್ಮ ನೆಲದ ಗುಣವನ್ನು ಅರಿತು ಅದನ್ನು ಸಜ್ಜುಗೊಳಿಸಬೇಕು. ನಮ್ಮ ಮುರಕಲ್ಲು ನೆಲದಡಿಯಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವ ಕಲ್ಲು. ಹಾಗಾಗಿ ಪದವಿನ ಮೇಲ್ಮೈಯಲ್ಲಿ ತೆರೆದುಕೊಂಡಿರುವ ಕಲ್ಲಿನ ಅಂಚುಗಳು ಚೂಪಾಗಿಯೂ ತೂತುತೂತಾಗಿಯೂ ಇದ್ದು, ಗಾಳಿ ಕಡಿಮೆಯಿರುವ ಟಯರು ಅದಕ್ಕೆ ಬಡಿದರೆ ಒಳಗಿನ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಎರಡು ಕಡೆ ಕತ್ತರಿಸುತ್ತದೆ. ಮಣ್ಣಿನಲ್ಲಿ ಹಿಡಿತ ಬೇಕೆಂದು ಗಾಳಿ ಇಳಿಸುವುದು ಸರಿಯಾದ ಕ್ರಮವೇ ಆದರೂ, ನಮ್ಮಲ್ಲಿ 18ರಿಂದ 20 ಪಿ.ಎಸ್.ಐ.ಗಿಂತ ಕೆಳಗೆ ಹೋಗಬಾರದೆಂಬುದು ನನ್ನ ಅನುಭವ. ಅದಕ್ಕಿಂತ ಇಳಿಸಿದರೆ ಟಯರು ರಿಮ್ಮಿನ ಮೇಲೆ ಜಾರಿ ಟ್ಯೂಬಿಗೆ ಗಾಳಿ ತುಂಬುವ ಕಡ್ಡಿಯೇ ಕಿತ್ತುಬರುತ್ತದೆ. ಡಾಮರಿಗೆ ಬಂದ ಮೇಲೆ ಗಾಳಿ ತುಂಬಿಸಲು ಕೈಪಂಪು ಜೊತೆಗಿರಲಿ.

ಬೇಸಗೆಯಲ್ಲಿ ಇದೇ ಕಲ್ಲಿನ ಪುಡಿ ಕಡಲೆ ಗಾತ್ರದ ಹರಳುಗಳಾಗಿ ದಾರಿಯ ಮೇಲೆ ಹರಡಿಕೊಂಡು ಮುಂದಿನ ಚಕ್ರವನ್ನು ಸದ್ದಿಲ್ಲದೆ ಜಾರಿಸುತ್ತದೆ. ಎಕ್ಸ್‌ಪಲ್ಸ್‌ನಲ್ಲಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಮುಂದಿನ ಚಕ್ರಕ್ಕೆ ಮಾತ್ರ ಇರುವುದು ಇಂತಹ ಇಳಿಜಾರಿನಲ್ಲಿ ಅನುಕೂಲವೇ, ಹಿಂದಿನ ಚಕ್ರವನ್ನು ಬೇಕಾದಷ್ಟು ಎಳೆಸಿಕೊಂಡು ಇಳಿಯಬಹುದು. ಕೆಂಪು ಧೂಳು ಏರ್ ಫಿಲ್ಟರಿನಲ್ಲಿ ಎಷ್ಟು ಬೇಗ ತುಂಬುತ್ತದೆಂದರೆ, ಕಂಪನಿಯ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿನವರೆಗೆ ಕಾದರೆ ಪಿಸ್ಟನ್ನು ಸವೆಯುವುದು ಖಂಡಿತ. ಪ್ರತಿ ಸವಾರಿಯ ನಂತರ ಅದನ್ನು ತೆಗೆದು ನೋಡಿ.

ಜೂನಿನಿಂದ ಸೆಪ್ಟೆಂಬರಿನವರೆಗಿನ ಮಾತೇ ಬೇರೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಪಾರೆಯ ಮೇಲಿನ ಪಾಚಿಗೆ ಎಂತಹ ಬಟನ್ ಟಯರೂ (ದಪ್ಪ ಗುಬುಟುಗಳಿರುವ ಟಯರು) ಹಿಡಿತ ಕೊಡುವುದಿಲ್ಲ. ತೋಡು ದಾಟುವಾಗ ಇಂಜಿನ್ ನೀರು ಕುಡಿದು ನಿಂತರೆ ಸೆಲ್ಫ್ ಗುಂಡಿಯನ್ನು ಒತ್ತಲೇಬೇಡಿ. ನೀರನ್ನು ಒತ್ತಿ ಕುಗ್ಗಿಸಲಾಗದ್ದರಿಂದ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಬೈಕನ್ನು ದಡಕ್ಕೆ ತಳ್ಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಳಗಿನ ನೀರನ್ನು ಪೂರ್ತಿಯಾಗಿ ಹೊರಹಾಕಿದ ನಂತರವೇ ಮುಂದಿನ ಕೆಲಸ.

ಇನ್ನೊಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ನಮ್ಮ ಪದವುಗಳಲ್ಲಿ ಕೈಬಿಟ್ಟ ಕಲ್ಲಿನ ಕೋರೆಗಳಿವೆ. ಅವುಗಳ ಅಂಚು ಗೋಡೆಯಂತೆ ನೇರವಾಗಿ ಕಡಿದಿದ್ದು, ಮಳೆ ನಿಂತ ಮೇಲೆ ಆಳೆತ್ತರದ ಮುಳಿಹುಲ್ಲು ಬೆಳೆದು ಹತ್ತಿರ ಹೋಗುವವರೆಗೆ ಕಾಣಿಸುವುದೇ ಇಲ್ಲ. ನೀವು ಈ ಮೊದಲು ನಡೆದು ನೋಡದ ಪದವಿನ ಮೇಲೆ ಬೈಕ್ ಓಡಿಸಬೇಡಿ.

ತಾಳವಾಡಿಯ ಓದುಗ

ನಾನು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿಯವನು. ನಮ್ಮ ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾದ ಕಾರಣ, ಎಲ್ಲಿ ಓಡಿಸಬಹುದು, ಎಲ್ಲಿ ಓಡಿಸಬಾರದು ಎಂಬ ಪ್ರಶ್ನೆ ನಮಗೆ ದಿನನಿತ್ಯದ್ದು. ನಂಬರ್ ಪ್ಲೇಟಿಲ್ಲದ ಬೈಕಿನ ವಿಷಯಕ್ಕೆ ಯಾರೂ ಉತ್ತರಿಸದ್ದರಿಂದ ಬರೆಯುತ್ತಿದ್ದೇನೆ.

ಅದನ್ನು ಕೊಳ್ಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಪಂಚಾಯತಿನ ಮಣ್ಣಿನ ರಸ್ತೆಯೂ ಸಾರ್ವಜನಿಕ ಸ್ಥಳವೇ. ರೇಸಿಗೆಂದೇ ತಯಾರಿಸಿದ ಬೈಕನ್ನು ಆಮೇಲೆ ದೀಪ, ಕನ್ನಡಿ ಜೋಡಿಸಿ ನೋಂದಾಯಿಸಿಕೊಳ್ಳಬಹುದೆಂದು ಮಾರುವವರು ಹೇಳುವುದುಂಟು, ಅದನ್ನು ನಂಬಿ ಹಣ ಕಳೆದುಕೊಂಡವರನ್ನು ಕಂಡಿದ್ದೇನೆ. ನೋಂದಣಿಯಿಲ್ಲದೆ ವಿಮೆ ದೊರೆಯದು. ನಿಮ್ಮ ಬೈಕು ಕಾಲುದಾರಿಯಲ್ಲಿ ಬರುತ್ತಿದ್ದ ಯಾರಿಗಾದರೂ ತಾಗಿದರೆ ಪರಿಹಾರದ ಹೊರೆ ಪೂರ್ತಿಯಾಗಿ ನಿಮ್ಮ ಮೇಲೆ ಬೀಳುತ್ತದೆ.

ಗಡಿಯಲ್ಲಿರುವ ನಮ್ಮಂಥವರಿಗೆ ಇನ್ನೊಂದು ಸೂಚನೆ. ಪುತ್ತೂರಿನಲ್ಲಿ ಕರ್ನಾಟಕದ ಕೆಎ 21 ನೋಂದಣಿಯ ಹಳೆಯ ಬೈಕು ಸಿಕ್ಕಿತೆಂದು ತಂದು ಪೆರ್ಲದಲ್ಲಿ ಇಟ್ಟುಕೊಂಡರೆ, ಹನ್ನೆರಡು ತಿಂಗಳು ಮೀರಿದ ಮೇಲೆ 47ನೇ ಕಲಮಿನ ಪ್ರಕಾರ ಕೇರಳದ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಬೇಕಾಗುತ್ತದೆ. ಅದಕ್ಕೆ ತಗಲುವ ತೆರಿಗೆಯನ್ನೂ ಸೇರಿಸಿ ಬೆಲೆಯನ್ನು ಲೆಕ್ಕ ಹಾಕಿ.

ಕಾಡಿನ ವಿಷಯದಲ್ಲಿ ನನ್ನ ವಿನಂತಿ ಇಷ್ಟೆ. ರಕ್ಷಿತಾರಣ್ಯದೊಳಗೆ ಬೈಕ್ ನುಗ್ಗಿಸುವುದು ಅಪರಾಧ. ನಿಮ್ಮ ಜಿಲ್ಲೆಯ ಕಾರಡ್ಕ, ಮುಳಿಯಾರು, ದೇಲಂಪಾಡಿ ಭಾಗಗಳಲ್ಲಿ ಆನೆಗಳು ತೋಟಗಳಿಗೂ ಇಳಿಯುತ್ತವೆಂಬುದು ನಿಮಗೇ ತಿಳಿದಿದೆ. ತಿರುವಿನಲ್ಲಿ ಆನೆ ಎದುರಾದರೆ ಕಿರುದಾರಿಯಲ್ಲಿ ಬೈಕ್ ತಿರುಗಿಸಲು ಸ್ಥಳವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ರಾಣಿಪುರಂ ಬೆಟ್ಟಕ್ಕೆ ಅರಣ್ಯ ಇಲಾಖೆಯ ಟಿಕೆಟ್ ಪಡೆದು ನಡೆದೇ ಹತ್ತಬೇಕು. ಖಾಸಗಿ ತೋಟದ ದಾರಿಯಾದರೆ ಮಾಲಕರನ್ನು ಕೇಳಿಕೊಂಡೇ ಹೋಗಿ. ಒಬ್ಬ ಸವಾರನ ಅವಸರದಿಂದ ಊರಿನವರು ದಾರಿಗೆ ಬೇಲಿ ಹಾಕಿದ್ದನ್ನು ನಾನು ಎರಡು ಕಡೆ ನೋಡಿದ್ದೇನೆ.

ಪೆರ್ಲದ ಕೃಷಿಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ರೇಸ್ ಬೈಕಿನ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಕಳೆದ ಭಾನುವಾರ ಎರಡೂ ಬೈಕುಗಳನ್ನು ಓಡಿಸಿ ನೋಡುವ ಅವಕಾಶ ಸಿಕ್ಕಿತು. ಸಮತಟ್ಟಿನಲ್ಲಿ ಕೆಎಲ್‌ಎಕ್ಸ್ ನಿಜಕ್ಕೂ ಸೈಕಲಿನಷ್ಟು ಹಗುರವೆನಿಸಿತು. ಕುಂಬಳೆಯವರು ಹೇಳಿದಂತೆ ಕುಳಿತಾಗ ಅದು ತಗ್ಗಿತು, ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಿತು. ಆದರೆ ತೋಟಕ್ಕೆ ಇಳಿಯುವ ಓರೆಯಾದ ದಾರಿಯಲ್ಲಿ ಬೇಕೆಂದೇ ನಿಲ್ಲಿಸಿ ನೋಡಿದಾಗ ತಗ್ಗಿನ ಬದಿಯ ಕಾಲಿಗೆ ನೆಲವೇ ಸಿಗಲಿಲ್ಲ, ಬೈಕ್ ನಿಧಾನವಾಗಿ ಆ ಬದಿಗೆ ವಾಲಿತು. ಎಕ್ಸ್‌ಪಲ್ಸ್‌ನಲ್ಲಿ ಅದೇ ಜಾಗದಲ್ಲಿ ನಿಂತಾಗ ಹಿಡಿದುಕೊಳ್ಳಲು ಸಾಧ್ಯವಾಯಿತು. ಹೀಗಾಗಿ ಎಕ್ಸ್‌ಪಲ್ಸಿನ ಸಾಮಾನ್ಯ ಮಾದರಿಯನ್ನೇ ಕೊಳ್ಳಲು ನಿಶ್ಚಯಿಸಿದ್ದೇನೆ. ಸೀಟಿನ ಸ್ಪಂಜನ್ನು ಕೊರೆಸಿ ಕೆಎಲ್‌ಎಕ್ಸ್ ಅನ್ನು ತಗ್ಗಿಸಬಹುದಿತ್ತೇ ಎಂಬ ಒಂದು ಸಂಶಯ ಮಾತ್ರ ಉಳಿದಿದೆ. ಉಳಿಯುವ ಹಣದಲ್ಲಿ ಮೊದಲು ಏನನ್ನು ಕೊಳ್ಳಬೇಕು?

ಕುಂಬಳೆಯ ಮೆಕ್ಯಾನಿಕ್

ಓರೆ ನೆಲದಲ್ಲಿ ನಿಲ್ಲಿಸಿ ನೋಡಿದ್ದು ಬಹಳ ಒಳ್ಳೆಯದಾಯಿತು. ಅಂಗಡಿಯ ಸಿಮೆಂಟು ನೆಲದ ಮೇಲೆ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ಮತ್ತು ಈ ವಿಷಯದಲ್ಲಿ ಮುಳ್ಳೇರಿಯದವರ ಮಾತೇ ಸರಿ ಎಂದು ಒಪ್ಪುತ್ತೇನೆ. ಸ್ಪಂಜು ಕೊರೆದರೆ ಒಂದು ಅಂಗುಲದಷ್ಟು ತಗ್ಗಿಸಬಹುದು, ಆದರೆ ಒಂದು ಗಂಟೆ ಕುಳಿತಾಗ ಸೊಂಟ ನೋಯುತ್ತದೆ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಮೇಲಕ್ಕೆಳೆದು ತಗ್ಗಿಸಿದರೆ ಗ್ರೌಂಡ್ ಕ್ಲಿಯರೆನ್ಸನ್ನೇ ಕಳೆದುಕೊಂಡಂತೆ.

ಮುಳ್ಳೇರಿಯದ ಸವಾರ

ಮೊದಲು ಬೂಟು, ಆಮೇಲೆ ಮೊಣಕಾಲಿನ ಕಾಪು, ಗಲ್ಲ ಮುಚ್ಚುವ ಐಎಸ್ಐ ಹೆಲ್ಮೆಟ್. ಇಂಜಿನಿನ ಅಡಿಗೆ ಲೋಹದ ಬ್ಯಾಷ್ ಪ್ಲೇಟ್ ಮತ್ತು ಹ್ಯಾಂಡಲಿಗೆ ಕೈಗಾಪು ಇವುಗಳ ನಂತರ ಬರಲಿ. ಬಟನ್ ಟಯರಿಗೆ ಅವಸರ ಬೇಡ, ಕಂಪನಿಯ ಟಯರು ಸವೆಯುವಷ್ಟರಲ್ಲಿ ನಿಮಗೇ ನಿಮ್ಮ ದಾರಿ ಯಾವುದೆಂದು ತಿಳಿದಿರುತ್ತದೆ.

ಬೈಕ್ ಮನೆಗೆ ಬಂದ ದಿನ ಅಂಗಳದಲ್ಲಿ ಅಡಿಕೆಯ ಸೋಗೆಯನ್ನು ದಪ್ಪವಾಗಿ ಹಾಸಿ, ಬೈಕನ್ನು ಅದರ ಮೇಲೆ ನಿಧಾನವಾಗಿ ಮಲಗಿಸಿ. ಗೇರಿನಲ್ಲಿಟ್ಟು, ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಹ್ಯಾಂಡಲಿನ ತುದಿಯನ್ನೂ ಇನ್ನೊಂದರಲ್ಲಿ ಹಿಂದಿನ ಚೌಕಟ್ಟನ್ನೂ ಹಿಡಿದು, ಬೆನ್ನನ್ನು ನೇರವಾಗಿಟ್ಟುಕೊಂಡು ಕಾಲುಗಳ ಬಲದಿಂದ ಹಿಂದಕ್ಕೆ ಹೆಜ್ಜೆಯಿಡುತ್ತಾ ಎಬ್ಬಿಸಿ. ಬಲಕ್ಕೆ ಮಲಗಿಸಿದಾಗ ಎಬ್ಬಿಸುವ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿಟ್ಟುಕೊಳ್ಳಿ, ಇಲ್ಲವಾದರೆ ಎದ್ದ ಬೈಕು ಆಚೆ ಬದಿಗೆ ಬೀಳುತ್ತದೆ. ಎರಡೂ ಬದಿಯಿಂದ ಐದೈದು ಬಾರಿ ಇದನ್ನು ಒಬ್ಬರೇ ಮಾಡಿದ ಮೇಲೆ ಒಂದು ಭಾನುವಾರ ತಿಳಿಸಿ, ಪೆರ್ಲಕ್ಕೆ ನಾನೇ ಬರುತ್ತೇನೆ.