ಹೆಡ್‌ಫೋನ್ ಆಂಪ್: ಟ್ಯೂಬ್ ಒಳ್ಳೆಯದೋ, ಸಾಲಿಡ್ ಸ್ಟೇಟ್ ಒಳ್ಳೆಯದೋ?

ಕಾಳಿದಂಡೆ (ಕಾರವಾರ):
ನನ್ನಲ್ಲಿ 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 650 ಮತ್ತು 32 ಓಮ್‌ನ ಒಂದು ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್ ಇವೆ. ನಾನು ಕೇಳುವುದು ಬಹುಪಾಲು ಹಿಂದೂಸ್ತಾನಿ ಗಾಯನ, ಜೊತೆಗೆ ಬಡಗುತಿಟ್ಟಿನ ಭಾಗವತಿಕೆಯ ಹಳೆಯ ಧ್ವನಿಮುದ್ರಣಗಳು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ, ಅಂದರೆ ಓಟಿಎಲ್ ಮಾದರಿಯ ಟ್ಯೂಬ್ (ಗಾಜಿನ ವಾಲ್ವ್) ಆಂಪ್ ಒಂದು ಕೈಗೆಟುಕುವ ಬೆಲೆಗೆ ಸಿಗುವಂತಿದೆ. ಅದೇ ಬೆಲೆಗೆ ಒಳ್ಳೆಯ ಸಾಲಿಡ್ ಸ್ಟೇಟ್, ಅಂದರೆ ಟ್ರಾನ್ಸಿಸ್ಟರ್ ಬಳಸುವ ಆಂಪ್ ಕೂಡ ಬರುತ್ತದೆ. ಟ್ಯೂಬ್‌ನಲ್ಲಿ ದನಿ ತುಂಬಿಕೊಂಡು ಕೇಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತಿಗೆ ತಾಂತ್ರಿಕ ಆಧಾರ ಏನು? ಮನೆ ಕಡಲಿಗೆ ಹತ್ತಿರವಿರುವುದರಿಂದ ಉಪ್ಪುಗಾಳಿಯ ಚಿಂತೆಯೂ ಇದೆ.

ಮಲೆಯಂಚು (ಶಿರಸಿ):
ಆಧಾರ ಇದೆ, ಆದರೆ ಅದರ ದೊಡ್ಡ ಪಾಲು ಇರುವುದು ಟ್ಯೂಬ್‌ನ ಗುಣದಲ್ಲಿ ಅಲ್ಲ, ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್‌ನಲ್ಲಿ (ಹೆಡ್‌ಫೋನ್‌ಗೆ ಹೋಗುವ ಕರೆಂಟ್‌ಗೆ ಆಂಪ್ ತನ್ನೊಳಗೇ ಒಡ್ಡುವ ತಡೆ). ಎಚ್‌ಡಿ 650 ಹೆಸರಿಗೆ 300 ಓಮ್ ಆದರೂ 80–100 ಹರ್ಟ್ಸ್ ಸುಮಾರಿಗೆ ಅದರ ಇಂಪೀಡೆನ್ಸ್ 500 ಓಮ್‌ನಷ್ಟು ಏರುತ್ತದೆ. ಓಟಿಎಲ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಎಂದಿಟ್ಟುಕೊಂಡರೆ, 300 ಓಮ್ ಇರುವ ಆವರ್ತಗಳಲ್ಲಿ 2.5 ಡೆಸಿಬೆಲ್ ಇಳಿಯುವ ಸದ್ದು 500 ಓಮ್ ಇರುವಲ್ಲಿ 1.6 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಹೀಗೆ ಕೆಳಗಿನ ಸ್ವರಗಳು ಸುಮಾರು 0.9 ಡೆಸಿಬೆಲ್ ಮುಂದೆ ಬಂದು ತಬಲಾದ ಡಗ್ಗಾ ತುಸು ಉಬ್ಬಿದಂತೆ ಕೇಳುತ್ತದೆ. ಸಾಲಿಡ್ ಸ್ಟೇಟ್ ಆಂಪ್‌ಗಳಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ 1 ಓಮ್‌ಗಿಂತ ಕಡಿಮೆ ಇರುವುದರಿಂದ ಈ ಏರಿಳಿತ ಇರುವುದೇ ಇಲ್ಲ. ಅದೇ ತುಂಬುದನಿ ಬೇಕಿದ್ದರೆ ಅದನ್ನು ಈಕ್ವಲೈಜರ್‌ನಲ್ಲೂ ಪಡೆಯಬಹುದು. ಟ್ಯೂಬ್‌ಪ್ರಿಯರಿಗೆ ಈ ಮಾತು ರುಚಿಸುವುದಿಲ್ಲ ಎಂಬುದು ಬೇರೆ ವಿಷಯ.

ನಿಮ್ಮ ಪ್ಲೇನಾರ್‌ನ ಕಥೆ ಬೇರೆ. ಅದರ ಇಂಪೀಡೆನ್ಸ್ ಎಲ್ಲ ಆವರ್ತಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸ್ವರಗಳ ಸಮತೋಲ ಕೆಡುವುದಿಲ್ಲ, ಆದರೆ 12 ಡೆಸಿಬೆಲ್‌ನಷ್ಟು ಸದ್ದು ಆಂಪ್‌ನೊಳಗೇ ಕಳೆದುಹೋಗುತ್ತದೆ. ಅದನ್ನು ತುಂಬಿಕೊಳ್ಳಲು ವಾಲ್ಯೂಮ್ ಏರಿಸಿದರೆ, 32 ಓಮ್‌ಗೆ ಬೇಕಾದಷ್ಟು ಕರೆಂಟ್ ಕೊಡಲಾರದೆ ಟ್ಯೂಬ್ ಸೋಲುತ್ತದೆ. ಎರಡು ಹೆಡ್‌ಫೋನ್‌ಗೂ ಒಂದೇ ಆಂಪ್ ಎಂದಾದರೆ ಸಾಲಿಡ್ ಸ್ಟೇಟ್ ಬಿಟ್ಟು ಬೇರೆಯದನ್ನು ನಾನು ಸೂಚಿಸಲಾರೆ.

ಶರಾವತಿ ಕಡವು (ಹೊನ್ನಾವರ):
ಲೆಕ್ಕ ಸರಿ. ಆದರೆ ಟ್ಯೂಬ್‌ನ ಡಿಸ್ಟಾರ್ಷನ್ ಅನ್ನು, ಅಂದರೆ ಮೂಲದಲ್ಲಿಲ್ಲದೆ ಆಂಪ್ ತಾನೇ ಸೇರಿಸುವ ಸದ್ದನ್ನು, ಅಷ್ಟು ಸುಲಭವಾಗಿ ಬದಿಗೆ ಸರಿಸಬೇಡಿ. ಸಿಂಗಲ್ ಎಂಡೆಡ್ ಟ್ರಯೋಡ್‌ನಲ್ಲಿ (ಇಡೀ ಅಲೆಯನ್ನು ಒಂದೇ ಟ್ಯೂಬ್ ವರ್ಧಿಸುವ ಸರಳ ಮಾದರಿ) ಮೇಲುಗೈ ಎರಡನೆಯ ಹಾರ್ಮೋನಿಕ್‌ನದು (ಮೂಲ ಆವರ್ತದ ಎರಡು ಪಟ್ಟು), ಅಂದರೆ ಮಧ್ಯ ಷಡ್ಜಕ್ಕೆ ತಾರ ಷಡ್ಜ ಸೇರಿಕೊಳ್ಳುತ್ತದೆ. ಮೂರನೆಯದು ಬಂದರೂ ಅದು ತಾರ ಪಂಚಮ. ತಂಬೂರಿಯಲ್ಲಿ ಮೊದಲೇ ಇರುವ ಸ್ವರಗಳೇ ಇವು, ಆದ್ದರಿಂದ ಕಿವಿಗೆ ಒರಟೆನಿಸುವುದಿಲ್ಲ. ಏಳನೆಯದು ಮಾತ್ರ ಕೋಮಲ ನಿಷಾದಕ್ಕಿಂತ ಕೆಳಗೆ ಜಾರಿ ಯಾವ ಸ್ವರಕ್ಕೂ ಒಗ್ಗದೆ ನಿಲ್ಲುತ್ತದೆ. ನಾನಂತೂ ಎಚ್‌ಡಿ 650ಕ್ಕೆ ಟ್ಯೂಬನ್ನೇ ಇಟ್ಟುಕೊಂಡಿದ್ದೇನೆ. (ಬೆಂಗಳೂರಿನ ಬಿಇಎಲ್ ಕಾರ್ಖಾನೆ ಒಂದು ಕಾಲದಲ್ಲಿ ಒಳ್ಳೆಯ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು, ಹಳೆಯ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಕೇಳಿ ನೋಡಿ.)

ಮಲೆಯಂಚು (ಶಿರಸಿ):
ಒಂದೇ ಸ್ವರ ನುಡಿಯುವಾಗ ನಿಮ್ಮ ಮಾತು ನಿಜ. ಎರಡು ಸ್ವರ ಕೂಡಿದಾಗ ಅವುಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹುಟ್ಟುತ್ತವೆ. ತಂಬೂರಿಯ ಷಡ್ಜ 240 ಹರ್ಟ್ಸ್, ಗಾಯಕರ ಶುದ್ಧ ರಿಷಭ 270 ಎನ್ನಿ; ಮೊತ್ತ 510. ತಾರ ಸಪ್ತಕದಲ್ಲಿ ಅದು ಕೋಮಲ ರಿಷಭದ ಪಕ್ಕದಲ್ಲೇ ಬಂದು ಕೂರುತ್ತದೆ, ಯಮನ್ ಹಾಡುವಾಗ ಕರೆಯದೆ ಬಂದ ಅತಿಥಿಯ ಹಾಗೆ. ಎಚ್‌ಡಿ 650ಕ್ಕೆ 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಸದ್ದು ಬರುತ್ತದೆ. ನಾವು ಕೇಳುವ ಮಟ್ಟಕ್ಕೆ ಒಂದು ಮಿಲಿವ್ಯಾಟ್ ಕೂಡ ಬೇಡವಾದ್ದರಿಂದ ಈ ಬೆರಕೆ ಸದ್ದು ಸಾಮಾನ್ಯವಾಗಿ ಸಂಗೀತದ ಅಡಿಯಲ್ಲೇ ಮುಚ್ಚಿಹೋಗುತ್ತದೆ. ಹಾಗೆ ಮುಚ್ಚಿಹೋಗುವುದಾದರೆ ತಾರ ಷಡ್ಜದ ಸೊಗಸೂ ಅದರೊಂದಿಗೇ ಮುಚ್ಚಿಹೋಗಬೇಕಲ್ಲವೇ?

ಬೇಲೆಹಕ್ಕಲು (ಅಂಕೋಲಾ):
ಉಪ್ಪುಗಾಳಿಯ ಬಗ್ಗೆ: ಟ್ಯೂಬ್ ಕೆಡುವುದಿಲ್ಲ, ಅದರ ಪಿನ್ನು ಮತ್ತು ಸಾಕೆಟ್ ಕಿಲುಬು ಹಿಡಿಯುತ್ತವೆ. ಮಳೆಗಾಲ ಕಳೆದ ಮೇಲೆ ಚರಚರ ಸದ್ದು ಶುರುವಾದರೆ, ಪ್ಲಗ್ ಕಿತ್ತು, ಒಳಗಿನ ಕೆಪಾಸಿಟರ್‌ಗಳು ಬರಿದಾಗುವವರೆಗೆ ಕಾದು, ಟ್ಯೂಬ್ ಆರಿದ ನಂತರ ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ. ಒಳಗೆ ನೂರು ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ, ಆತುರ ಬೇಡ.

ಕೊಳ್ಳುವ ಮುನ್ನ ಎರಡನ್ನೂ ಕೇಳಿ ನೋಡುವ ಅವಕಾಶ ಸಿಕ್ಕರೆ ಸದ್ದಿನ ಮಟ್ಟವನ್ನು ಕಿವಿಯಿಂದ ಸರಿದೂಗಿಸಬೇಡಿ. ಹೆಡ್‌ಫೋನ್ ಜೋಡಿಸಿರುವಾಗಲೇ 400 ಹರ್ಟ್ಸ್‌ನ ಟೋನ್ ನುಡಿಸಿ, ಮಲ್ಟಿಮೀಟರ್‌ನಲ್ಲಿ ಎಸಿ ವೋಲ್ಟೇಜ್ ಅಳೆದು, ಎರಡೂ ಆಂಪ್‌ಗಳನ್ನು ಶೇಕಡಾ 1ರ ಒಳಗೆ ಹೊಂದಿಸಿ. ಯಾವ ಆಂಪ್ ನುಡಿಯುತ್ತಿದೆ ಎಂಬುದು ನಿಮಗೆ ಕಾಣದಂತೆ ಬೇರೊಬ್ಬರು ವೈರ್ ಬದಲಾಯಿಸಲಿ.